ಎರಡು ನಿಮಿಷದ ಲೆಕ್ಕ: ವಿಮಾನ ನಿರ್ಗಮನದ ಕಾಲಸಾಧನಗಳನ್ನು ಕುರಿತ ವೃತ್ತಿಜಾನಪದೀಯ ಅಧ್ಯಯನ

ವೃತ್ತಿಜಾನಪದವೆಂದೊಡನೆ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಬೆಸ್ತರ ಬಲೆ, ಗಾಣಿಗರ ಗಾಣ ಇವುಗಳು ನೆನಪಿಗೆ ಬರುವುದು ಸಹಜ. ಕನ್ನಡದಲ್ಲಿ ಈ ವೃತ್ತಿಗಳ ಪರಿಕರಗಳನ್ನು, ನಂಬಿಕೆಗಳನ್ನು, ವೃತ್ತಿಪದಗಳನ್ನು ಕುರಿತು ಗಣನೀಯವಾದ ಕೆಲಸ ನಡೆದಿದೆ. ಯಂತ್ರಯುಗದ ವೃತ್ತಿಗಳ ವಿಷಯದಲ್ಲಿ ಇದೇ ಮಾತನ್ನು ಹೇಳುವಂತಿಲ್ಲ. ಅಮೆರಿಕದ ರಾಬರ್ಟ್ ಮೆಕಾರ್ಲ್ ಅವರು 1970ರ ದಶಕದಲ್ಲಿ, ಕಾಡ್ಗಿಚ್ಚನ್ನು ನಂದಿಸಲು ವಿಮಾನದಿಂದ ಧುಮುಕುವ ಕೆಲಸಗಾರರನ್ನು ಅಧ್ಯಯನ ಮಾಡಿದರು. ವೃತ್ತಿಯೊಂದರ ಜೀವಾಳವಿರುವುದು ಅದರ ಕಥೆ, ಹಾಡುಗಳಲ್ಲಿ ಮಾತ್ರವಲ್ಲ, ಕೆಲಸ ಮಾಡುವ ಕ್ರಮದಲ್ಲಿಯೇ ಎಂಬ ನಿಲುವನ್ನು ಅವರು ಮಂಡಿಸಿದರು. ಹಿರಿಯ ಕೆಲಸಗಾರ ಕಿರಿಯನಿಗೆ ಕೈಹಿಡಿದು ಕಲಿಸುವ ಕ್ರಮ, ಯಾವುದು ಸರಿ ಯಾವುದು ತಪ್ಪು ಎಂಬ ಒಳಗಿನವರ ತೀರ್ಮಾನ ಇವೇ ಆ ವೃತ್ತಿಯ ಸಂಪ್ರದಾಯ. ಈ ನಿಲುವನ್ನು ಒಪ್ಪಿದರೆ, ವಿಮಾನ ನಿಲ್ದಾಣದ ನಿಯಂತ್ರಣ ಗೋಪುರವೂ ಜಾನಪದ ವಿದ್ವಾಂಸರ ಕ್ಷೇತ್ರವೇ ಆಗುತ್ತದೆ.

ಆ ಗೋಪುರದಲ್ಲಿ ನಡೆಯುವ ಅನೇಕ ಕೆಲಸಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಆರಿಸಿಕೊಳ್ಳಲಾಗಿದೆ. ಒಂದು ವಿಮಾನ ನೆಲ ಬಿಟ್ಟು ಏರಿದ ಮೇಲೆ ಅದರ ಹಿಂದಿನ ವಿಮಾನ ಎಷ್ಟು ಹೊತ್ತು ಕಾಯಬೇಕು? ಆ ಹೊತ್ತನ್ನು ಯಾರು, ಯಾವುದರಿಂದ ಅಳೆಯುತ್ತಾರೆ? ಎಲ್ಲಿಂದ ಎಣಿಸಲು ತೊಡಗುತ್ತಾರೆ? ನೋಡಲು ಬಹಳ ಸರಳವಾದ ಈ ಪ್ರಶ್ನೆಗಳ ಹಿಂದೆ ಸುಮಾರು ತೊಂಬತ್ತು ವರ್ಷಗಳ ಚರಿತ್ರೆಯಿದೆ.

ಈ ವೃತ್ತಿಯ ಆರಂಭದಲ್ಲಿ ಕಾಲಸಾಧನವೆಂಬುದೇ ಇರಲಿಲ್ಲ. ಲಂಡನ್ನಿನ ಕ್ರಾಯ್ಡನ್‌ನಲ್ಲಿ 1920ರಲ್ಲಿ ನಿಯಂತ್ರಣ ಗೋಪುರವೊಂದು ತಲೆಯೆತ್ತಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತ ಕೈಗಾಡಿಯೊಂದರಲ್ಲಿ ಕುರ್ಚಿ, ಕೊಡೆ, ಬರೆಯುವ ಪುಸ್ತಕ ಹೇರಿಕೊಂಡು ಹೋಗಿ ಬಯಲಿನ ಅಂಚಿನಲ್ಲಿ ಕೂರುತ್ತಿದ್ದ. ಅವನ ಕೈಯಲ್ಲಿ ಎರಡು ಬಾವುಟಗಳಿದ್ದವು. ಚೌಕಳಿ ಬಾವುಟ ಬೀಸಿದರೆ ಹೊರಡಬಹುದು, ಕೆಂಪು ಬಾವುಟ ಬೀಸಿದರೆ ನಿಲ್ಲಬೇಕು. ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಅವನ ಕಣ್ಣೇ ನಿರ್ಧರಿಸುತ್ತಿತ್ತು. ಮುಂದೆ ಹೋದದ್ದು ದೂರವಾಯಿತೆಂದು ಕಂಡಾಗ ಹಿಂದಿನದಕ್ಕೆ ಬಾವುಟ. ಜಾತ್ರೆಯ ತೇರಿನ ಮುಂದೆ ನಿಂತು ಸನ್ನೆ ಮಾಡುವವನ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚಿನ ಅಂತರವಿರಲಿಲ್ಲ.

ಗಡಿಯಾರ ಅನಿವಾರ್ಯವಾದದ್ದು ಕಣ್ಣಿಗೆ ಕಾಣದ ವಿಮಾನಗಳನ್ನೂ ನಿಯಂತ್ರಿಸಬೇಕಾಗಿ ಬಂದಾಗ. 1935ರ ಡಿಸೆಂಬರ್‌ನಲ್ಲಿ ಕೆಲವು ವಿಮಾನ ಕಂಪೆನಿಗಳು ಸೇರಿ ನ್ಯೂವಾರ್ಕ್‌ನಲ್ಲಿ ಮಾರ್ಗ ನಿಯಂತ್ರಣ ಕೇಂದ್ರವೊಂದನ್ನು ತೆರೆದವು. ಮರುವರ್ಷ ಜುಲೈನಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಅಲ್ಲಿದ್ದ ಸಾಧನಗಳು ಕರಿಹಲಗೆ, ಭೂಪಟ, ದೂರವಾಣಿ ಮತ್ತು ಗಡಿಯಾರ. ಪ್ರತಿ ವಿಮಾನಕ್ಕೂ ಒಂದು ಸಣ್ಣ ಗುರುತಿನ ತುಂಡು. ಕಾಲ ಸರಿದಂತೆ ಆ ತುಂಡನ್ನು ಭೂಪಟದ ಮೇಲೆ ಕೈಯಿಂದ ಮುಂದಕ್ಕೆ ತಳ್ಳುತ್ತಿದ್ದರು. ಈ ತುಂಡುಗಳಿಗೆ ಕೆಲಸಗಾರರೇ ಇಟ್ಟ ಅಡ್ಡಹೆಸರು ‘ಶ್ರಿಂಪ್ ಬೋಟ್’, ಎಂದರೆ ಸೀಗಡಿ ದೋಣಿ. ಯಾವ ಸರ್ಕಾರಿ ಕೈಪಿಡಿಯೂ ಕೊಡಲಾರದ ಇಂಥ ಹೆಸರುಗಳೇ ಒಂದು ವೃತ್ತಿ ಸಮುದಾಯವಾಗಿ ರೂಪುಗೊಳ್ಳುತ್ತಿರುವುದಕ್ಕೆ ಸಾಕ್ಷಿ. ಇದೇ ಕಾಲದ ಇನ್ನೊಂದು ಕೊಡುಗೆ, ವಿಮಾನದ ಹೆಸರು, ಎತ್ತರ, ಹೊರಟ ವೇಳೆಗಳನ್ನು ಬರೆದಿಡುವ ಉದ್ದನೆಯ ಕಾಗದದ ಪಟ್ಟಿ. ‘ಸ್ಟ್ರಿಪ್’ ಎಂದು ಕರೆಯಲಾಗುವ ಈ ಪಟ್ಟಿಯ ಪ್ರಸ್ತಾಪ ಮುಂದೆಯೂ ಬರಲಿದೆ.

ಎರಡು ನಿರ್ಗಮನಗಳ ನಡುವೆ ಬಿಡುವ ಹೊತ್ತಿಗೆ ಮೊದಲು ಒಂದೇ ಕಾರಣವಿತ್ತು. ಹಿಂದಿನದು ಮುಂದಿನದನ್ನು ಹೋಗಿ ಮುಟ್ಟಬಾರದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ನಿಯಮಗಳಲ್ಲಿ ಈ ಲೆಕ್ಕ ಇಂದಿಗೂ ಉಳಿದಿದೆ. ಎರಡು ವಿಮಾನಗಳ ದಾರಿ ಏರಿದ ಕೂಡಲೇ ಕನಿಷ್ಠ 45 ಡಿಗ್ರಿ ಕವಲೊಡೆಯುವುದಾದರೆ 1 ನಿಮಿಷ ಸಾಕು. ಒಂದೇ ದಾರಿಯಲ್ಲಿ ಹೋಗುವಾಗ ಮುಂದಿನದರ ವೇಗ ಹಿಂದಿನದರ ವೇಗಕ್ಕಿಂತ ಕನಿಷ್ಠ 40 ನಾಟ್ ಹೆಚ್ಚಾಗಿದ್ದರೆ 2 ನಿಮಿಷ. ಹಿಂದಿನದು ಮುಂದಿನದರ ಎತ್ತರವನ್ನು ಹಾಯ್ದು ಏರಬೇಕಿದ್ದರೆ 5 ನಿಮಿಷ. ಈ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ, ಎರಡು ಬಸ್ಸುಗಳ ನಡುವಿನ ಅಂತರದಂತೆಯೇ.

ಎರಡನೆಯ ಕಾರಣ ತಡವಾಗಿ ತಿಳಿಯಿತು. ರೆಕ್ಕೆಯು ವಿಮಾನವನ್ನು ಎತ್ತುವಾಗ ಅದರ ಎರಡೂ ತುದಿಗಳಿಂದ ಗಾಳಿ ಸುರುಳಿಯಾಗಿ ಹಿಂದಕ್ಕೆ ಹರಿಯುತ್ತದೆ. ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುವ ಈ ಜೋಡಿ ಸುಳಿಗಳು ನಿಮಿಷಕ್ಕೆ ಕೆಲವು ನೂರು ಅಡಿಗಳಂತೆ ಕೆಳಗಿಳಿಯುತ್ತವೆ. ನೆಲದ ಸಮೀಪದಲ್ಲಿ ಪಕ್ಕಕ್ಕೆ ಸರಿಯುತ್ತವೆ. ವಿಮಾನ ಭಾರವಾಗಿದ್ದಷ್ಟೂ, ನಿಧಾನವಾಗಿದ್ದಷ್ಟೂ ಸುಳಿ ಬಲವಾದುದು. ಹಿಂದೆ ಬಂದ ಹಗುರ ವಿಮಾನವನ್ನು ಅದು ಮಗುಚಿ ಹಾಕಬಲ್ಲದು. ಪೈಲಟ್‌ಗಳು ಈ ಅಲುಗಾಟವನ್ನು ಮೊದಲಿನಿಂದಲೂ ಬಲ್ಲವರೇ. ಆದರೆ ಅದು ಮುಂದಿನ ವಿಮಾನದ ಪ್ರೊಪೆಲರ್ ಎಬ್ಬಿಸಿದ ಗಾಳಿಯೆಂದು ಅವರು ಬಹುಕಾಲ ಭಾವಿಸಿದ್ದರು. ಅನುಭವ ನಿಜ, ಕಾರಣ ತಪ್ಪು. ಜನಪದ ಜ್ಞಾನದಲ್ಲಿ ಇಂಥ ಸಂದರ್ಭಗಳು ವಿರಳವಲ್ಲ.

ಈ ಸುಳಿ ಕಣ್ಣಿಗೆ ಕಾಣುವಂಥದಲ್ಲ. 1990ರ ಮೇ ತಿಂಗಳಲ್ಲಿ ವರ್ಜೀನಿಯಾದ ವಾಲಪ್ಸ್ ದ್ವೀಪದಲ್ಲಿ ನಾಸಾ ಸಂಸ್ಥೆಯವರು ನೆಲದಿಂದ ಬಣ್ಣದ ಹೊಗೆ ಎಬ್ಬಿಸಿ ಅದರ ನಡುವೆ ಕೃಷಿ ವಿಮಾನವೊಂದನ್ನು ಹಾರಿಸಿದರು. ಹೊಗೆ ದೊಡ್ಡ ಚಕ್ರವಾಗಿ ಸುತ್ತಿಕೊಂಡಿತು. ಆ ಛಾಯಾಚಿತ್ರ ಜಗತ್ಪ್ರಸಿದ್ಧವಾಗಿದೆ. ಆದರೆ ನಿತ್ಯದ ಕೆಲಸದಲ್ಲಿ ಗೋಪುರದವರಿಗೆ ಹೊಗೆಯ ನೆರವಿಲ್ಲ. ಕಾಣದ ವಸ್ತುವೊಂದು ಅಳಿದಿದೆಯೆಂದು ಅವರು ಕಾಲದಿಂದ ಊಹಿಸಬೇಕು. ಗಡಿಯಾರ ಸುಳಿಯನ್ನು ಅಳೆಯುವುದಿಲ್ಲ. ಇಷ್ಟು ಹೊತ್ತಿನಲ್ಲಿ ಸುಳಿ ಸತ್ತಿರಬೇಕೆಂದು ತಜ್ಞರು ಒಮ್ಮತಕ್ಕೆ ಬಂದ ಹೊತ್ತನ್ನು ಮಾತ್ರ ಅದು ಅಳೆಯುತ್ತದೆ. ಮೈಲಿಗೆ ಕಳೆಯಲು ಇಷ್ಟು ದಿನವೆಂದು ಸಮುದಾಯವೊಂದು ಗೊತ್ತುಮಾಡಿಕೊಳ್ಳುವ ಅವಧಿಯ ಜೊತೆ ಇದನ್ನು ಹೋಲಿಸಲು ಯಾರಾದರೂ ಬಯಸಬಹುದು. ಒಂದು ಭೇದವನ್ನು ಮರೆಯಬಾರದು. ಇಲ್ಲಿ ಅವಧಿ ತಪ್ಪಿದರೆ ಪ್ರಾಯಶ್ಚಿತ್ತವಿಲ್ಲ.

1970ರ ಜನವರಿಯಲ್ಲಿ ಬೋಯಿಂಗ್ 747 ಪ್ರಯಾಣಿಕರ ಸೇವೆಗೆ ಬಂದಿತು. ಆ ಸುಮಾರಿಗೆ ನಡೆದ ಪರೀಕ್ಷೆಗಳ ಫಲವಾಗಿ ವಿಮಾನಗಳನ್ನು ತೂಕದ ಮೇಲೆ ವರ್ಗೀಕರಿಸುವ ಕ್ರಮ ಮೊದಲಾಯಿತು. 1972ರ ಮೇ 30ರಂದು ಟೆಕ್ಸಸ್‌ನ ಫೋರ್ಟ್ ವರ್ತ್ ಬಳಿಯ ನಿಲ್ದಾಣದಲ್ಲಿ ತರಬೇತಿ ಹಾರಾಟದಲ್ಲಿದ್ದ ಡಿಸಿ-9 ವಿಮಾನವೊಂದು ಡಿಸಿ-10ರ ಹಿಂದೆ ಇಳಿಯಲು ಹೋಗಿ ಮಗುಚಿತು. ಒಳಗಿದ್ದ ನಾಲ್ವರೂ ತೀರಿಕೊಂಡರು. ಈ ದುರಂತದ ಬಳಿಕ ಅಂತರದ ನಿಯಮಗಳು ಬಿಗಿಯಾದವು. ಮುಂದೆ ಅಂತರರಾಷ್ಟ್ರೀಯವಾಗಿ ನೆಲೆಗೊಂಡ ವಿಂಗಡಣೆ ಹೀಗಿದೆ: 1,36,000 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನದು ಭಾರಿ, 7,000 ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯದು ಹಗುರ, ನಡುವಿನದೆಲ್ಲ ಮಧ್ಯಮ. ಭಾರಿ ವಿಮಾನದ ಹಿಂದೆ ಮಧ್ಯಮ ಅಥವಾ ಹಗುರ ವಿಮಾನ ಹೊರಡಬೇಕಿದ್ದರೆ 2 ನಿಮಿಷ, ಮಧ್ಯಮದ ಹಿಂದೆ ಹಗುರಕ್ಕೂ 2 ನಿಮಿಷ. ಹಿಂದಿನದು ರನ್‌ವೇಯ ತುದಿಯಿಂದಲ್ಲದೆ ನಡುವಿನಿಂದ ಹೊರಡುವುದಾದರೆ 3 ನಿಮಿಷ.

ಎರಡು, ನಡುವಿನಿಂದಾದರೆ ಮೂರು. ಈ ನಿಯಮದ ಶಕ್ತಿಯಿದ್ದುದು ಅದರ ವಿಜ್ಞಾನದಲ್ಲಲ್ಲ, ಅದನ್ನು ಬಾಯಿಪಾಠ ಮಾಡಬಹುದಾಗಿದ್ದುದರಲ್ಲಿ. ಹೊಸಬನೊಬ್ಬ ಮೊದಲ ದಿನವೇ ಕಲಿಯಬಹುದಾದ, ಗದ್ದಲದ ನಡುವೆಯೂ ಮರೆಯದ ಲೆಕ್ಕವದು. ಅದಕ್ಕೆ ಬೇಕಾದ ಸಾಧನವೂ ಅಷ್ಟೇ ಸರಳ. ಗೋಡೆಯ ಗಡಿಯಾರ, ಕೈಗಡಿಯಾರ, ಸ್ಟಾಪ್‌ವಾಚ್, ಇಲ್ಲವೇ ಅಡುಗೆಮನೆಯಲ್ಲಿ ಬಳಸುವಂಥ ಹಿಂದೆಣಿಕೆಯ ಟೈಮರ್. ವಿಮಾನ ಏರಿದ ವೇಳೆಯನ್ನು ಸ್ಟ್ರಿಪ್‌ನ ಮೇಲೆ ಬರೆದು, ಅದಕ್ಕೆ ಎರಡು ಕೂಡಿಸಿದರೆ ಕೆಲಸ ಮುಗಿಯಿತು.

ಸರಳತೆಗೆ ತೆರಬೇಕಾದ ಬೆಲೆಯೂ ಇತ್ತು. ಬೋಯಿಂಗ್ 757ರ ತೂಕ ಅಮೆರಿಕದವರು ಭಾರಿ ವರ್ಗಕ್ಕೆ ಗೊತ್ತುಮಾಡಿದ್ದ 3,00,000 ಪೌಂಡಿನ ಗೆರೆಗಿಂತ ಕೆಳಗಿತ್ತು. ಅದರ ಸುಳಿ ಮಾತ್ರ ಗೆರೆಯನ್ನು ಗೌರವಿಸಲಿಲ್ಲ. 1992ರ ಡಿಸೆಂಬರ್‌ನಲ್ಲಿ ಮೊಂಟಾನಾದ ಬಿಲಿಂಗ್ಸ್‌ನಲ್ಲಿ 8 ಮಂದಿ, 1993ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಆನಾದಲ್ಲಿ 5 ಮಂದಿ, 757ರ ಹಿಂದೆ ಇಳಿಯುತ್ತಿದ್ದ ಸಣ್ಣ ಜೆಟ್‌ಗಳಲ್ಲಿ ಸತ್ತರು. 1996ರಲ್ಲಿ ಆ ಗೆರೆಯನ್ನು 2,55,000 ಪೌಂಡಿಗೆ ಇಳಿಸಲಾಯಿತು. ಇವು ಇಳಿಯುವಾಗ ನಡೆದ ಅವಘಡಗಳಾದರೂ ವರ್ಗೀಕರಣ ಎರಡಕ್ಕೂ ಸಮಾನವಾದುದರಿಂದ ನಿರ್ಗಮನದ ಲೆಕ್ಕವೂ ಬದಲಾಯಿತು. ಎರಡು ವಿಮಾನಗಳನ್ನು ಉದಾಹರಣೆಯಾಗಿ ನೋಡಬಹುದು. ಸುಮಾರು 23 ಟನ್ನಿನ ಎಟಿಆರ್ 72 ಮತ್ತು 70 ಟನ್ನಿಗೂ ಮೀರಿದ ಏರ್‌ಬಸ್ 320 ಎರಡೂ ಹಳೆಯ ವಿಂಗಡಣೆಯ ಪ್ರಕಾರ ‘ಮಧ್ಯಮ’ವೇ. ಬಾಯಿಪಾಠಕ್ಕೆ ಒಗ್ಗುವ ನಿಯಮ ನಿಸರ್ಗದ ಸೂಕ್ಷ್ಮಗಳಿಗೆ ಒಗ್ಗಬೇಕೆಂದಿಲ್ಲ.

ನಿರ್ಗಮನಕ್ಕೇ ಸಂಬಂಧಿಸಿದ ದೊಡ್ಡ ದುರಂತ 2001ರ ನವೆಂಬರ್ 12ರದು. ನ್ಯೂಯಾರ್ಕಿನ ಕೆನಡಿ ನಿಲ್ದಾಣದಿಂದ ಜಪಾನಿನ 747 ಏರಿದ ಸುಮಾರು 1 ನಿಮಿಷ 40 ಸೆಕೆಂಡುಗಳ ಬಳಿಕ ಅಮೆರಿಕನ್ ಏರ್‌ಲೈನ್ಸ್‌ನ 587ನೆಯ ಸಂಖ್ಯೆಯ ಏರ್‌ಬಸ್ 300 ಏರಿತು. ಸುಳಿಯ ಬಗೆಗೆ ಎಚ್ಚರವಿರಲೆಂದು ಗೋಪುರ ಮೊದಲೇ ಹೇಳಿತ್ತು. ಎರಡೂ ಭಾರಿ ವಿಮಾನಗಳೇ. ಅಂತರವನ್ನು ರಾಡಾರಿನ ದೂರದ ಲೆಕ್ಕದಲ್ಲಿ ನೋಡಿಕೊಳ್ಳಲಾಗಿತ್ತು, ನಿಯಮದ ಉಲ್ಲಂಘನೆಯಾಗಿರಲಿಲ್ಲ. ಸುಳಿಯ ಅಲುಗಾಟ ತಗುಲಿದಾಗ ಸಹ ಪೈಲಟ್ ರಡ್ಡರನ್ನು ಅತಿಯಾಗಿ ಒತ್ತಿದ್ದರಿಂದ ಬಾಲದ ಲಂಬ ರೆಕ್ಕೆ ಕಳಚಿತೆಂದು ತನಿಖೆ ತೀರ್ಮಾನಿಸಿತು. ವಿಮಾನದಲ್ಲಿದ್ದ 260 ಮಂದಿ ಮತ್ತು ನೆಲದ ಮೇಲಿದ್ದ 5 ಮಂದಿ ಮಡಿದರು. ತನಿಖೆಯ ತೀರ್ಮಾನ ಸ್ಪಷ್ಟವಾಗಿದ್ದರೂ ಈ ಪ್ರಸಂಗ ನೆನಪಾದಾಗಲೆಲ್ಲ 1 ನಿಮಿಷ 40 ಸೆಕೆಂಡು ಎಂಬ ಅಂಕಿ ಮಾತಿನ ನಡುವೆ ಬಂದೇ ಬರುತ್ತದೆ. ಕಾರಣವಲ್ಲದ ಅಂಕಿಯೂ ಕಥೆಯ ಕೇಂದ್ರವಾಗಬಲ್ಲದೆಂಬುದನ್ನು ಕಥನಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

ಈಗ ಎಣಿಕೆ ಎಲ್ಲಿಂದ ಎಂಬ ಪ್ರಶ್ನೆಗೆ ಬರಬಹುದು. ಎಲ್ಲ ದೇಶಗಳಲ್ಲಿ ಉತ್ತರ ಒಂದೇ ಅಲ್ಲ. ಅಮೆರಿಕದ ಪದ್ಧತಿಯಲ್ಲಿ ಮುಂದಿನ ವಿಮಾನ ರನ್‌ವೇಯಲ್ಲಿ ಓಟ ತೊಡಗಿದ ಕ್ಷಣದಿಂದ ಎಣಿಸಿ, ಅವಧಿ ತೀರಿದ ಮೇಲೆ ಹಿಂದಿನದಕ್ಕೆ ಅಪ್ಪಣೆ ಕೊಡಲಾಗುತ್ತದೆ. ಬ್ರಿಟನ್ನಿನಲ್ಲಿ ಲೆಕ್ಕವಿರುವುದು ನೆಲ ಬಿಟ್ಟ ಕ್ಷಣಗಳ ನಡುವೆ. ಹಿಂದಿನ ವಿಮಾನ ಓಡಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆಂದು ಅಂದಾಜಿಸಿ ನಿಯಂತ್ರಕರು ಅವಧಿ ತೀರುವ ಮುನ್ನವೇ ಅಪ್ಪಣೆ ಕೊಡಬಹುದು. ಆದರೆ ಎರಡರ ಚಕ್ರಗಳೂ ನೆಲ ಬಿಟ್ಟ ವೇಳೆಗಳ ನಡುವೆ ಪೂರ್ಣ ಅಂತರವಿರಲೇಬೇಕು. ಮೊದಲನೆಯದು ಗಡಿಯಾರವನ್ನು ನಂಬುವ ಕ್ರಮ. ಎರಡನೆಯದರಲ್ಲಿ ಗಡಿಯಾರದ ಜೊತೆಗೆ ಅನುಭವಸ್ಥರ ಅಂದಾಜೂ ಸೇರುತ್ತದೆ. ತುಂಬಿದ ವಿಮಾನ ತಡವಾಗಿ ಏಳುತ್ತದೆ, ಇಂಥ ಕಂಪೆನಿಯ ಪೈಲಟ್ ಅಪ್ಪಣೆ ಕೇಳಿದ ಮೇಲೂ ನಿಧಾನ ಎಂಬಂಥ ತಿಳಿವಳಿಕೆ ಪುಸ್ತಕದಲ್ಲಿ ಸಿಗುವಂಥದಲ್ಲ. ಅದು ಪಾಳಿಯಿಂದ ಪಾಳಿಗೆ ಬಾಯಿಮಾತಾಗಿ ಸಾಗುತ್ತದೆ. ಮೆಕಾರ್ಲ್ ಹೇಳಿದ ಸಂಪ್ರದಾಯ ಇಂಥದೇ.

ಅವಧಿಯನ್ನು ಅಳೆಯುವ ಸಾಧನವನ್ನು ಕಾಯುವವರು ಯಾರು ಎಂಬ ಪ್ರಶ್ನೆ ನಮ್ಮ ಪರಂಪರೆಗೂ ಹೊಸದಲ್ಲ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಎಂದರೆ 24 ನಿಮಿಷ. ಅದರ ಅರವತ್ತನೆಯ ಭಾಗವಾದ ವಿಘಳಿಗೆ 24 ಸೆಕೆಂಡು. ಗೋಪುರದ 2 ನಿಮಿಷ ಸರಿಯಾಗಿ 5 ವಿಘಳಿಗೆಗಳಾಗುವುದು ಕೇವಲ ಆಕಸ್ಮಿಕ. ಈ ಬಟ್ಟಲಿಗೆ ಸಂಬಂಧಿಸಿದ ಐತಿಹ್ಯವೊಂದು ಇಲ್ಲಿ ಪ್ರಸ್ತುತ. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಮದುವೆಯ ಮುಹೂರ್ತಕ್ಕೆ ಬಟ್ಟಲನ್ನು ತೇಲಿಬಿಟ್ಟಿದ್ದರು. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಜಾರಿ ಬಟ್ಟಲಿನ ರಂಧ್ರವನ್ನು ಮುಚ್ಚಿತು. ಬಟ್ಟಲು ಮುಳುಗಲೇ ಇಲ್ಲ, ಮುಹೂರ್ತ ಮೀರಿಹೋಯಿತು. ಫೈಜಿಯು 1587ರಲ್ಲಿ ಮಾಡಿದ ‘ಲೀಲಾವತಿ’ಯ ಪಾರಸಿ ಅನುವಾದದಲ್ಲಿ ಬರುವ ಕಥೆಯಿದು. ಭಾಸ್ಕರನ ಊರು ವಿಜಾಪುರವೆಂದು ಕೆಲವರೂ ಮಹಾರಾಷ್ಟ್ರದ ಪಾಟಣದ ಕಡೆಯದೆಂದು ಕೆಲವರೂ ವಾದಿಸುತ್ತಾರೆ. ಕಥೆಗೆ ಚಾರಿತ್ರಿಕ ಆಧಾರ ಸಾಲದು, ಆದರೂ ಅದರ ಒಳಗಿನ ತಿಳಿವು ಗಟ್ಟಿಯಾದುದು. ಎಲ್ಲರೂ ಬಟ್ಟಲು ಮುಳುಗುವುದನ್ನೇ ಕಾಯುತ್ತಿದ್ದರು, ಬಟ್ಟಲಿಗೇ ಏನಾಗಿದೆಯೆಂದು ನೋಡಿದವರು ಯಾರೂ ಇಲ್ಲ.

1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲಿಸ್‌ನಲ್ಲಿ ಮರೆಯಾದದ್ದು ಮುತ್ತಲ್ಲ, ಒಂದು ಸ್ಟ್ರಿಪ್. ಸಣ್ಣ ವಿಮಾನವೊಂದನ್ನು ರನ್‌ವೇಯ ನಡುವಿನ ಕೂಡುದಾರಿಯಲ್ಲಿ, ಅಪ್ಪಣೆಗಾಗಿ ಕಾಯುವಂತೆ ನಿಲ್ಲಿಸಲಾಗಿತ್ತು. ಅಷ್ಟರಲ್ಲಿ ಮತ್ತೊಂದು ವಿಮಾನದ ಸ್ಟ್ರಿಪ್ ಇರಬೇಕಾದ ಜಾಗದಲ್ಲಿ ಇಲ್ಲದೆ, ಅದರ ಗೊಂದಲದಲ್ಲಿ ನಿಯಂತ್ರಕರ ಗಮನ ಹರಿದುಹೋಯಿತು. ಕಾಯುತ್ತಿದ್ದ ವಿಮಾನ ಮರೆತುಹೋಗಿ, ಅದೇ ರನ್‌ವೇಗೆ ಬೋಯಿಂಗ್ 737 ಒಂದಕ್ಕೆ ಇಳಿಯಲು ಅಪ್ಪಣೆ ಸಿಕ್ಕಿತು. ಎರಡೂ ವಿಮಾನಗಳಿಂದ ಒಟ್ಟು 35 ಮಂದಿ ಸತ್ತರು. ತನಿಖಾ ಮಂಡಳಿ ಒಬ್ಬ ವ್ಯಕ್ತಿಯ ಮರೆವನ್ನು ಹಿಡಿದು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರು ಮರೆತರೆ ಇನ್ನೊಂದು ಏರ್ಪಾಟು ನೆನಪಿಸುವಂತೆ ಗೋಪುರದ ಕಾರ್ಯವಿಧಾನ ಇರಲಿಲ್ಲವೆಂಬುದನ್ನು ಅದು ಮುಖ್ಯ ದೋಷವಾಗಿ ಕಂಡಿತು. ನಿರ್ಗಮನದ ಟೈಮರ್ ಎಂಬುದು ಅಳತೆಯ ಸಾಧನವಾಗಿರುವಷ್ಟೇ ನೆನಪಿನ ಸಾಧನವೂ ಹೌದು. ಅದು ಎಣಿಸುತ್ತಿದೆಯೆಂದರೆ ಅಲ್ಲೊಬ್ಬರು ಕಾಯುತ್ತಿದ್ದಾರೆ ಎಂದರ್ಥ.

ಇದೇ ಕಾಲದಲ್ಲಿ, 1990ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಲಂಡನ್ ವಾಯು ಸಂಚಾರ ಕೇಂದ್ರದಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಕಾಗದದ ಸ್ಟ್ರಿಪ್‌ಗಳ ಬದಲಿಗೆ ಕಂಪ್ಯೂಟರ್ ತರುವ ಆಲೋಚನೆಗೆ ಇದು ಪೂರ್ವಭಾವಿ ಅಧ್ಯಯನ. ಅವರು ಕಂಡದ್ದು ಸ್ವಾರಸ್ಯಕರವಾಗಿದೆ. ಸ್ಟ್ರಿಪ್‌ನ ಮೇಲೆ ಕೈಯಿಂದ ಬರೆಯುವುದು, ಅದನ್ನು ಚೌಕಟ್ಟಿನಲ್ಲಿ ಸರಿಸಿಡುವುದು, ತೊಡಕಿನದನ್ನು ಸಾಲಿನಿಂದ ಸ್ವಲ್ಪ ಓರೆಯಾಗಿ ಹೊರಗೆಳೆದಿಡುವುದು ಇವೆಲ್ಲ ಹಳೆಯ ಅಭ್ಯಾಸದ ಉಳಿಕೆಗಳಲ್ಲ. ಗಮನವಿಡುವ ಕ್ರಿಯೆಯೇ ಅವು. ಪಕ್ಕದಲ್ಲಿ ಕುಳಿತವರು ಓರೆಯಾದ ಸ್ಟ್ರಿಪ್ ಕಂಡೊಡನೆ ಮಾತಿಲ್ಲದೆ ಅರ್ಥಮಾಡಿಕೊಳ್ಳುತ್ತಿದ್ದರು. ಫ್ರಾನ್ಸಿನ ನಿಯಂತ್ರಕರ ನಡುವೆ ಅಧ್ಯಯನ ಮಾಡಿದ ವೆಂಡಿ ಮೆಕೆ ಅವರು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾಗದವೇ ಹೆಚ್ಚು ಸುರಕ್ಷಿತವೇ ಎಂದು ನೇರವಾಗಿಯೇ ಕೇಳಿದರು. ವಸ್ತುಸಂಸ್ಕೃತಿಯ ಅಧ್ಯಯನದಲ್ಲಿ ಇವು ಎರಡೂ ಮೇಲ್ಪಂಕ್ತಿಯ ಕೆಲಸಗಳು. ನಮ್ಮ ಜಾನಪದ ವಿಭಾಗಗಳ ಪಠ್ಯದಲ್ಲಿ ಇವಕ್ಕೆ ಜಾಗ ಸಿಗದಿರುವುದು ವಿಷಾದದ ಸಂಗತಿ.

ಕಾಗದ ಕಾಲಕ್ರಮೇಣ ಅನೇಕ ದೊಡ್ಡ ಗೋಪುರಗಳಿಂದ ಹೊರನಡೆಯಿತು. ಅದಕ್ಕಿಂತ ಮಹತ್ವದ ಬದಲಾವಣೆ ನಿಯಮದಲ್ಲಿಯೇ ಆಯಿತು. 2007ರ ಅಕ್ಟೋಬರ್‌ನಲ್ಲಿ ಸೇವೆಗೆ ಬಂದ ಏರ್‌ಬಸ್ 380ಕ್ಕಾಗಿ ಭಾರಿಗಿಂತ ಮೇಲಿನ ವರ್ಗವೊಂದನ್ನು ಕಲ್ಪಿಸಲಾಯಿತು. ಅದರ ಹಿಂದೆ ಭಾರಿ ವಿಮಾನಕ್ಕೆ 2 ನಿಮಿಷ, ಉಳಿದವಕ್ಕೆ 3 ನಿಮಿಷ. 2012ರ ನವೆಂಬರ್‌ನಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಆರು ವರ್ಗಗಳ ಹೊಸ ವಿಂಗಡಣೆ ಜಾರಿಗೆ ಬಂತು. ಮೆಂಫಿಸ್ ಸರಕು ವಿಮಾನಗಳ ಊರು, ರಾತ್ರಿಯ ಕೆಲವೇ ತಾಸುಗಳಲ್ಲಿ ಸಾಲುಗಟ್ಟಿ ಹೊರಡುವ ಭಾರಿ ವಿಮಾನಗಳಿಗೆ ಉಳಿಸಿದ ಒಂದೊಂದು ಸೆಕೆಂಡೂ ಹಣ. ಯುರೋಪಿನ ಆರು ವರ್ಗಗಳ ಕ್ರಮ 2016ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಬಂತು. 2020ರ ನವೆಂಬರ್‌ನಿಂದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಏಳು ಗುಂಪುಗಳ ಕ್ರಮಕ್ಕೂ ಅವಕಾಶ ದೊರೆಯಿತು.

ಹೊಸ ಕ್ರಮದಲ್ಲಿ ನಿಮಿಷದ ಮಾತಿಲ್ಲ. ಲೆಕ್ಕವೆಲ್ಲ ಸೆಕೆಂಡುಗಳಲ್ಲಿ: 80, 100, 120, 140, 160, 180. ಬೋಯಿಂಗ್ 767ರ ಹಿಂದೆ ಏರ್‌ಬಸ್ 320 ಹೊರಡಲು ಹಿಂದೆ 120 ಸೆಕೆಂಡು ಕಾಯಬೇಕಿತ್ತು, ಯುರೋಪಿನ ಕ್ರಮದಲ್ಲಿ 80 ಸಾಕು. ಬೋಯಿಂಗ್ 777ರ ಹಿಂದಾದರೆ 100. ಇದು ಸುಳಿಯ ವಿಜ್ಞಾನಕ್ಕೆ ಹಳೆಯ ‘ಎರಡು’ಗಿಂತ ಹತ್ತಿರವಾದುದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಯಾವುದರ ಹಿಂದೆ ಯಾವುದು ಎಂಬ ಜೋಡಿಗಳ ಕೋಷ್ಟಕವನ್ನು, ನಡುಹಗಲಿನ ದಟ್ಟಣೆಯಲ್ಲಿ, ತಲೆಯಲ್ಲಿಟ್ಟುಕೊಂಡು ಕೈಗಡಿಯಾರದಿಂದ ಎಣಿಸುವುದು ಮನುಷ್ಯಮಾತ್ರರಿಗೆ ಕಷ್ಟ. ಬಾಯಿಪಾಠದ ನಿಯಮ ಕೋಷ್ಟಕವಾದಾಗ ಯಂತ್ರ ಒಳಬರುವುದು ಅನಿವಾರ್ಯ. ಎರಡೂ ವಿಮಾನಗಳ ಮಾದರಿಯನ್ನು ತಾನೇ ತಿಳಿದು, ಅವಧಿಯನ್ನು ಆರಿಸಿ, ಪರದೆಯ ಮೇಲೆ ಹಿಂದೆಣಿಕೆ ತೋರಿಸುವ ಟೈಮರ್‌ಗಳು ಹೀಗೆ ಬಂದವು. ಕೆಲವನ್ನು ನಿಯಂತ್ರಕರು ಗುಂಡಿ ಒತ್ತಿ ಚಾಲೂ ಮಾಡಬೇಕು. ವಿಮಾನ ನೆಲ ಬಿಟ್ಟದ್ದನ್ನು ಕಣ್ಗಾವಲು ವ್ಯವಸ್ಥೆಯಿಂದಲೇ ಅರಿತು ತಾವಾಗಿ ಎಣಿಸತೊಡಗುವಂಥವೂ ಇವೆ.

ಗುಂಡಿ ಒತ್ತುವುದಕ್ಕೂ ತಾನಾಗಿ ಚಾಲೂ ಆಗುವುದಕ್ಕೂ ಇರುವ ಅಂತರ ಸಣ್ಣದೆಂದು ತೋರಬಹುದು. ಒತ್ತುವ ಬೆರಳಿನ ಹಿಂದೆ ವಿಮಾನ ಏರುವುದನ್ನು ನೋಡಿದ ಕಣ್ಣು ಇರಲೇಬೇಕು. ತಾನಾಗಿ ಎಣಿಸುವ ಯಂತ್ರಕ್ಕೆ ಆ ಕಣ್ಣಿನ ಅಗತ್ಯವಿಲ್ಲ. ಬೆರಳು ಮರೆಯಬಹುದು, ತಡಮಾಡಬಹುದು, ಯಂತ್ರ ಹಾಗೆ ಮಾಡುವುದಿಲ್ಲವೆಂಬ ಸಮರ್ಥನೆಯೂ ಸರಿಯಾದುದೇ. ಲ್ಯಾಂಕಾಸ್ಟರ್‌ನವರು ಕಾಗದದ ಬಗೆಗೆ ಕೇಳಿದ ಪ್ರಶ್ನೆಯನ್ನು ಈ ಗುಂಡಿಯ ಬಗೆಗೂ ಗೋಪುರದಲ್ಲಿ ಕುಳಿತು ಕೇಳಬೇಕಾಗಿದೆ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ಆರಂಭವಾಗಿ, 2019ರ ಡಿಸೆಂಬರ್‌ನಲ್ಲಿ ಅಲ್ಲಿ ಎರಡನೆಯ ರನ್‌ವೇಯೂ ಬಳಕೆಗೆ ಬಂದಿದೆ. ಅದಕ್ಕೂ ಮೊದಲು ಎಚ್‌ಎಎಲ್ ನಿಲ್ದಾಣದ ಒಂದೇ ರನ್‌ವೇಯಿಂದ ಪ್ರಯಾಣಿಕ ವಿಮಾನಗಳೂ ಪರೀಕ್ಷಾರ್ಥ ಹಾರಾಟದ ಸೇನಾ ವಿಮಾನಗಳೂ ಸರದಿಯಲ್ಲಿ ಏರುತ್ತಿದ್ದವು. ಆ ಸರದಿಯನ್ನು ಕಾಯ್ದು ನಿವೃತ್ತರಾದವರ ಕೆಲಸದ ಮಾತು, ಅಡ್ಡಹೆಸರು, ಅಂದಾಜಿನ ಸೂತ್ರಗಳನ್ನು ದಾಖಲಿಸುವ ಕ್ಷೇತ್ರಕಾರ್ಯಕ್ಕೆ ಕಾಲ ಇನ್ನೂ ಮೀರಿಲ್ಲ.

ಅಂದಹಾಗೆ, ಟೈಮರ್ ಸೊನ್ನೆ ತೋರಿಸಿದರೂ ಅಪ್ಪಣೆ ಹೊರಡುವುದು ನಿಯಂತ್ರಕರ ಬಾಯಿಂದಲೇ. ಅದಕ್ಕೂ ಮೊದಲು ಅವರು ಪರದೆಯಿಂದ ತಲೆಯೆತ್ತಿ ಗಾಜಿನಾಚೆಗೆ ರನ್‌ವೇಯನ್ನು ತುದಿಯಿಂದ ತುದಿಗೆ ಒಮ್ಮೆ ನೋಡಬೇಕೆಂದು ಈಗಲೂ ಕಲಿಸಲಾಗುತ್ತದೆ.